ಮೋರಿಯ ಲೆಕ್ಕದಲ್ಲಿ ಹಿಂದಿನ ಶಿಲ್ಕು ಎಲ್ಲಿ?

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ಖಾತೆ ಪುಸ್ತಕ ಕೈಗೆ ಬಂದರೂ ಕಣ್ಣು ಮೊದಲು ಹೋಗುವುದು ಹಿಂದಿನ ಶಿಲ್ಕಿನ ಮೇಲೆ. ಏಪ್ರಿಲ್ ಒಂದರಂದು ಶಿಲ್ಕು ಸೊನ್ನೆ ಎಂದು ಬರೆದುಕೊಂಡು, ಮುಂದಿನ ಪುಟಗಳಲ್ಲಿ ಎಷ್ಟೇ ಸರಿಯಾಗಿ ಕೂಡಿ ಕಳೆದಿದ್ದರೂ ಆಡಿಟಿನವರು ಪುಸ್ತಕ ಮುಚ್ಚಿ ವಾಪಸು ಕಳಿಸುತ್ತಾರೆ. ಅದು ನ್ಯಾಯವೇ. ಆದರೆ ಮಳೆನೀರಿನ ಲೆಕ್ಕದಲ್ಲಿ ಅದೇ ಸೊನ್ನೆಯನ್ನು ಬರೆದರೆ ಅದಕ್ಕೆ ವಿಜ್ಞಾನವೆಂದು ಹೆಸರು!

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಬಡಾವಣೆಯ ನಿವಾಸಿಗಳ ಸಭೆಗೆ ಸಲಹೆಗಾರರೊಬ್ಬರು ಬಂದು ಗಣಕಯಂತ್ರದ ಚಿತ್ರ ತೋರಿಸಿದರು. ಮಳೆ ಸುರಿಯುತ್ತದೆ, ನೀಲಿ ಗೆರೆಯ ಮೋರಿಗಳಲ್ಲಿ ನೀರು ಏರುತ್ತದೆ, ರಸ್ತೆಗೆ ಬಾರದೆ ಸುಮ್ಮನೆ ಇಳಿದುಹೋಗುತ್ತದೆ. ಜನ ಚಪ್ಪಾಳೆ ತಟ್ಟಿದರು. ನಾವು ಕೇಳಿದ್ದು ಒಂದೇ ಪ್ರಶ್ನೆ: ಮಳೆ ಶುರುವಾಗುವ ಮುಂಚೆ ಮೋರಿಯಲ್ಲಿ ಎಷ್ಟು ನೀರಿತ್ತು ಸಾಹೇಬರೇ? ಅಲ್ಲಿ ಸೊನ್ನೆ ಇರುತ್ತದೆ, ಯಂತ್ರವೇ ಹಾಕಿಕೊಳ್ಳುತ್ತದೆ ಎಂದರು.

ಮುಂಬಯಿಯ ಯಾವ ಮೋರಿ ಜುಲೈ ತಿಂಗಳಲ್ಲಿ ಬರಿದಾಗಿರುತ್ತದೆ? ವಾಚಕರೇ, ನೀವು ನೋಡಿದ್ದೀರಾ? ನಾವಂತೂ ನೋಡಿಲ್ಲ.

ಯಂತ್ರದ ಮೇಲೆ ತಪ್ಪು ಹೊರಿಸಬಾರದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1971ರಲ್ಲಿ ಮಾಡಿಸಿದ ಎಸ್.ಡಬ್ಲ್ಯು.ಎಂ.ಎಂ. ಎಂಬ ಲೆಕ್ಕದ ಏರ್ಪಾಡು ಇಂದಿಗೂ ಊರೂರಿನಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಪ್ರತಿಯೊಂದು ಕೊಳವೆಗೂ 'ಆರಂಭದ ಹರಿವು' ಎಂಬ ಖಾನೆ ಇದೆ. ಪ್ರತಿಯೊಂದು ಗುಂಡಿಗೂ ಆರಂಭದ ನೀರಿನ ಎತ್ತರದ ಖಾನೆ ಇದೆ. ನೀವೇನೂ ಬರೆಯದಿದ್ದರೆ ಸೊನ್ನೆ. ಒಂದು ಲೆಕ್ಕ ಮುಗಿದಾಗಿನ ಸ್ಥಿತಿಯನ್ನು ಉಳಿಸಿಟ್ಟು ಮುಂದಿನ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸುವ ಅನುಕೂಲವೂ ಇದೆ. ಅದಕ್ಕೆ 'ಹಾಟ್ ಸ್ಟಾರ್ಟ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಶಿಲ್ಕನ್ನು ಮುಂದಕ್ಕೆ ತರುವುದು, ಅಷ್ಟೇ. ಖಾನೆ ಇದ್ದೂ ತುಂಬದವರನ್ನು ಏನೆನ್ನಬೇಕು? ನಾವು ಬಿ.ಎಸ್ಸಿ. ಓದುವಾಗ ಆರಂಭದ ಬೆಲೆ ಹಾಕದೆ ಅವಕಲ ಸಮೀಕರಣ ಬಿಡಿಸಿದರೆ ಮೇಷ್ಟರು ಸೊನ್ನೆ ಕೊಡುತ್ತಿದ್ದರು. ಈಗ ಸೊನ್ನೆಯನ್ನೇ ಆರಂಭದ ಬೆಲೆಯಾಗಿ ಹಾಕಿ ಬಿಲ್ಲು ಪಾಸು ಮಾಡಿಸಿಕೊಳ್ಳುತ್ತಾರೆ.

ಈ ನಗರದ ಹಳೆಯ ಮಳೆನೀರಿನ ಮೋರಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಸಮುದ್ರ ಇಳಿತದಲ್ಲಿದ್ದಾಗ. 1993ರ ಬ್ರಿಮ್‌ಸ್ಟೊವಾಡ್ ವರದಿ ಇದನ್ನು 50 ಮಿ.ಮೀ.ಗೆ ಏರಿಸಬೇಕೆಂದಿತು. ಸರಿ, ಏರಿಸಿದರೆಂದೇ ಇಟ್ಟುಕೊಳ್ಳೋಣ. ಗುಂಡನೆಯ ಕೊಳವೆಯೊಂದರಲ್ಲಿ ಅರ್ಧ ಎತ್ತರಕ್ಕೆ ಕೊಳಚೆ ನೀರು ಹರಿಯುತ್ತಿದ್ದರೆ ಅದು ಕೊಳವೆ ತುಂಬಿ ಹರಿಯುವಾಗಿನ ಹರಿವಿನ ಸರಿಯಾಗಿ ಅರ್ಧದಷ್ಟು. ಇದು ಪುಸ್ತಕದ ಗಣಿತ. ಮಳೆಗೆ ಉಳಿದದ್ದು ಇನ್ನರ್ಧ. ಕಾಗದದ ಮೇಲಿನ 50, ಹನಿ ಬೀಳುವ ಮೊದಲೇ 25 ಆಯಿತು! ಅಡಿಯಲ್ಲಿ ಹೂಳು ಇದ್ದರೆ ಇನ್ನೂ ಕಡಿಮೆ. ಸಮುದ್ರದ ಬಾಯಿಯಲ್ಲಿ ಭರತಿ ನಿಂತಿದ್ದರೆ ಕೇಳುವುದೇ ಬೇಡ. ನಮ್ಮ ಮೋರಿಗಳ ಬಾಯಿಗಳಲ್ಲಿ ಬಹುಪಾಲು ಭರತಿಯ ಮಟ್ಟಕ್ಕಿಂತ ಕೆಳಗಿವೆ.

ಮೀಠಿ ನದಿಯನ್ನೇ ನೋಡಿ. ವಿಹಾರ, ಪವಾಯಿ ಕೆರೆಗಳ ಕೋಡಿ ನೀರು ಸೇರಿ ಹರಿಯುವ ನದಿ ಅದು. ಕೆರೆ ಕೋಡಿ ಬಿದ್ದ ದಿನದ ಮೀಠಿಯೂ ಕೋಡಿ ಬೀಳದ ದಿನದ ಮೀಠಿಯೂ ಒಂದೇ ಏನು? ಕೆರೆ ಕಂಡ ಹಳ್ಳಿಯ ಹುಡುಗನೂ ಇದಕ್ಕೆ ಉತ್ತರ ಹೇಳಿಯಾನು.

ಸಲಹೆಗಾರರ ವಾದವನ್ನೂ ಹೇಳಬೇಕು. ಜೋರು ಮಳೆ ಬಂದರೆ ಮೊದಲಿದ್ದ ನೀರು ಹತ್ತು ನಿಮಿಷದಲ್ಲಿ ಕೊಚ್ಚಿಹೋಗುತ್ತದೆ, ಆಮೇಲೆ ಆರಂಭದಲ್ಲಿ ಏನಿದ್ದರೂ ಒಂದೇ ಎನ್ನುತ್ತಾರೆ. ಇಳಿಜಾರಿನ, ಗಿಡ್ಡ ಮೋರಿಗಳ ಊರಿಗೆ ಈ ಮಾತು ಬಹಳ ಮಟ್ಟಿಗೆ ನಿಜ. 2005ರ ಜುಲೈ 26ರಂತಹ ದಿನಕ್ಕೂ ನಿಜ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಸುರಿಯಿತು. ಚಾಳಿನ ಕೆಳಗಿನ ಮನೆಯಲ್ಲಿದ್ದ ನಾವು ಅಕ್ಕಿಡಬ್ಬವನ್ನೂ ತಂದೆಯವರ ಪಿಂಚಣಿ ಕಾಗದಗಳನ್ನೂ ತಲೆಯ ಮೇಲೆ ಹೊತ್ತು ಮೇಲಿನವರ ಮನೆ ಸೇರಿದೆವು. ಆ ದಿನ ಯಾವ ಶಿಲ್ಕು ಇದ್ದರೂ ಮುಳುಗುತ್ತಿದ್ದೆವು. ನಮ್ಮ ತಕರಾರು ಆ ದಿನದ್ದಲ್ಲ. ವರ್ಷಕ್ಕೆ ನಾಲ್ಕಾರು ಸಲ ಬರುವ, ಮುಳುಗಬಾರದ ಮಳೆಯದು. ಮೊದಲ ದಿನ ಸುರಿದು, ನೆಲ ನೆನೆದು, ಮೋರಿ ತುಂಬಿಕೊಂಡು, ಎರಡನೆಯ ದಿನ ಬೆಳಿಗ್ಗೆ ಮತ್ತೆ ಹಿಡಿಯುವ ಮಳೆಯದು. ಸಪಾಟು ನೆಲದಲ್ಲಿ, ಭರತಿ ತಡೆದ ಮೋರಿಯಲ್ಲಿ ಮೊದಲಿದ್ದ ನೀರು ಕೊಚ್ಚಿಹೋಗುವುದು ಎಲ್ಲಿಗೆ?

ದಾದರಿನ ಹಿಂದಮಾತಾ ಬಳಿಯ ನೀರಿಗಾಗಿ ಮೈದಾನದ ಕೆಳಗೆ ದೊಡ್ಡ ತೊಟ್ಟಿಗಳನ್ನು ಕಟ್ಟಿದ್ದಾರೆ. ಮಳೆಯಲ್ಲಿ ತುಂಬಿಸಿ, ಸಮುದ್ರ ಇಳಿದಾಗ ಖಾಲಿ ಮಾಡುವುದು ಅದರ ತತ್ತ್ವ. ಒಳ್ಳೆಯ ಯೋಚನೆ, ಕಟ್ಟಿದವರಿಗೆ ನಮ್ಮ ವಂದನೆ. ಆದರೆ ನಿನ್ನೆಯ ನೀರು ತೊಟ್ಟಿಯಲ್ಲೇ ಇದ್ದರೆ ಇಂದಿನ ನೀರಿಗೆ ಜಾಗವೆಲ್ಲಿ? ಒಂದು ಹೆಕ್ಟೇರ್ ಡಾಂಬರು ನೆಲದ ಮೇಲೆ 50 ಮಿ.ಮೀ. ಬಿದ್ದರೆ ಐದು ಲಕ್ಷ ಲೀಟರು. ಅಂಥ ತೊಟ್ಟಿಯ ಲೆಕ್ಕವನ್ನು 'ಖಾಲಿ' ಎಂದು ಆರಂಭಿಸಿದರೆ ಅದು ಲೆಕ್ಕವಲ್ಲ, ಹಾರೈಕೆ.

ಪರಿಹಾರಕ್ಕೆ ಕೋಟಿಗಳು ಬೇಕಿಲ್ಲ. ಮಳೆಗೆ ಹಿಂದಿನ ಎರಡು ದಿನದ ಕೊಳಚೆ ಹರಿವನ್ನು ಮೊದಲು ಯಂತ್ರದಲ್ಲಿ ಓಡಿಸಿ, ಹರಿವು ಒಂದು ಸ್ಥಿತಿಗೆ ಬಂದ ಮೇಲೆ ಮಳೆ ಸುರಿಸಲಿ. ಹೂಳಿನ ಎತ್ತರವನ್ನು ಕೋಲು ಇಳಿಸಿ ಅಳೆಯಲಿ, ಭರತಿಯ ಹೊತ್ತನ್ನು ಪಟ್ಟಿ ನೋಡಿ ಹಾಕಲಿ. ಇವೆಲ್ಲವನ್ನೂ ವರದಿಯ ಮೊದಲ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಲಿ.

ಮಾಟುಂಗಾ, ಸಯನ್, ಕುರ್ಲಾ ಕಡೆಯ ನಮ್ಮವರಲ್ಲಿ ಒಂದು ವಿನಂತಿ. ಇಂತಹ ಚಿತ್ರ ತೋರಿಸಲು ಯಾರಾದರೂ ಬಂದರೆ ಚಪ್ಪಾಳೆಗೆ ಮುಂಚೆ ಆ ಖಾನೆಯನ್ನು ತೆಗೆಸಿ ನೋಡಿ. ಜೂನ್ ಮೊದಲ ವಾರದಲ್ಲಿ ನಿಮ್ಮ ಕಟ್ಟಡದ ಎದುರಿನ ಮೋರಿಯಲ್ಲಿ ನೀರು ಎಷ್ಟು ಗೇಣು ಇದೆ ಎಂದು ತಾರೀಖು ಹಾಕಿ ಬರೆದು, ವಾರ್ಡ್ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ನಮ್ಮ ಕಾಗದ ಈಗಾಗಲೇ ಸಿದ್ಧವಾಗಿದೆ: ಎರಡು ಗೇಣು ನೀರು, ಒಂದು ಗೇಣು ಹೂಳು.