ಮನೆಯ ಸರ್ವರ್: ತಂತ್ರಾಂಶ ಬಿಟ್ಟಿ, ಮೆಮೊರಿ ದುಬಾರಿ

ಬೆಂಗಳೂರು: ಹಳೆಯ ಕಂಪ್ಯೂಟರೊಂದನ್ನು ಮನೆಯ ಮೂಲೆಯಲ್ಲಿ ಹಗಲಿರುಳು ಚಾಲನೆಯಲ್ಲಿಟ್ಟು ಕುಟುಂಬದ ಛಾಯಾಚಿತ್ರ, ಕಡತಗಳನ್ನು ಅದರಲ್ಲಿ ಕಾಪಿಡುವ ಪರಿಪಾಠ ತಂತ್ರಜ್ಞರ ವಲಯದಲ್ಲಿ ಹೊಸದೇನಲ್ಲ. ಅದೇ ಯಂತ್ರವನ್ನು ಮೇಲ್ದರ್ಜೆಗೇರಿಸಿ, ಒಂದರೊಳಗೆ ಹಲವು ‘ವರ್ಚುವಲ್ ಯಂತ್ರ’ಗಳನ್ನು ನಡೆಸುವುದು ಅವರ ಸಹಜವಾದ ಮುಂದಿನ ಹೆಜ್ಜೆ. ಆದರೆ 2023ರ ಅಂತ್ಯದಿಂದೀಚೆಗೆ ನಡೆದ ಬೆಳವಣಿಗೆಗಳು ಈ ಹೆಜ್ಜೆಯ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿವೆ.

ವರ್ಚುವಲ್ ಯಂತ್ರವೆಂದರೆ ತಂತ್ರಾಂಶವೇ ಸೃಷ್ಟಿಸುವ ಕಂಪ್ಯೂಟರ್. ಒಂದೇ ಪೆಟ್ಟಿಗೆಯಲ್ಲಿ ವಿಂಡೋಸ್, ಲಿನಕ್ಸ್‌ಗಳು ಪರಸ್ಪರರ ಅರಿವಿಲ್ಲದೆ ಬಾಳಬಲ್ಲವು. ಒಂದು ಕೆಟ್ಟರೆ ಮತ್ತೊಂದಕ್ಕೆ ಬಾಧೆಯಿಲ್ಲ. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಇದಕ್ಕೆ ಬೇಕಾದ ನೆರವನ್ನು ಪ್ರೊಸೆಸರ್‌ನಲ್ಲೇ ಅಳವಡಿಸಿದ ಬಳಿಕ ದೊಡ್ಡ ಕಂಪನಿಗಳ ಸೊತ್ತಾಗಿದ್ದ ಈ ತಂತ್ರ ಮನೆಯ ಯಂತ್ರಗಳಿಗೂ ಇಳಿದುಬಂತು.

ಪರವಾನಗಿಯ ಪಾಠ

ಈ ಕ್ಷೇತ್ರದ ಹಿರಿಯಣ್ಣ 1998ರಲ್ಲಿ ಆರಂಭವಾದ ವಿಎಂವೇರ್. ಅದರ ‘ಇಎಸ್‌ಎಕ್ಸ್‌ಐ’ ತಂತ್ರಾಂಶದ ಉಚಿತ ಆವೃತ್ತಿಯನ್ನು ಮನೆಯಲ್ಲಿ ಸ್ಥಾಪಿಸಿ ಕಲಿತು, ಆ ಅನುಭವದ ಬಲದಿಂದ ಉದ್ಯೋಗ ಗಿಟ್ಟಿಸಿಕೊಂಡವರು ಜಗತ್ತಿನೆಲ್ಲೆಡೆ ಇದ್ದಾರೆ. ಕಂಪನಿಯ ದೊಡ್ಡ ಅಭಿವೃದ್ಧಿ ಕೇಂದ್ರವೊಂದು ಬೆಂಗಳೂರಿನಲ್ಲೇ ಇದ್ದುದರಿಂದ ಇಲ್ಲಿನ ಎಂಜಿನಿಯರುಗಳಿಗೂ ಅದು ಚಿರಪರಿಚಿತ.

6,100 ಕೋಟಿ ಡಾಲರ್ ಮೊತ್ತಕ್ಕೆ ವಿಎಂವೇರ್ ಅನ್ನು ಖರೀದಿಸುವುದಾಗಿ ಬ್ರಾಡ್‌ಕಾಮ್ 2022ರ ಮೇ ತಿಂಗಳಲ್ಲಿ ಪ್ರಕಟಿಸಿತು. 2023ರ ನವೆಂಬರ್‌ನಲ್ಲಿ ವ್ಯವಹಾರ ಪೂರ್ಣಗೊಂಡಿತು. ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟ ನಿಂತು ಚಂದಾ ಪದ್ಧತಿ ಜಾರಿಗೆ ಬಂತು. 2024ರ ಫೆಬ್ರುವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ಕೂಡ ಕಣ್ಮರೆಯಾಯಿತು. 2025ರ ಏಪ್ರಿಲ್‌ನಲ್ಲಿ ಅದನ್ನು ಮರಳಿ ನೀಡಲಾಯಿತಾದರೂ, ಒಮ್ಮೆ ಕಳೆದುಹೋದ ವಿಶ್ವಾಸ ಮರಳುವುದು ಸುಲಭವಲ್ಲ. ಕೊಟ್ಟವರೇ ಕಿತ್ತುಕೊಳ್ಳಬಲ್ಲರು ಎಂಬುದು ಆ ವೇಳೆಗಾಗಲೇ ಸಾಬೀತಾಗಿತ್ತು.

ಇದರ ಲಾಭ ದೊರೆತದ್ದು ಮುಕ್ತ ತಂತ್ರಾಂಶಗಳಿಗೆ. ಲಿನಕ್ಸ್‌ನ ತಿರುಳಿನಲ್ಲಿ 2007ರಿಂದಲೇ ಇರುವ ‘ಕೆವಿಎಂ’ ಆಧರಿಸಿ ಆಸ್ಟ್ರಿಯಾದ ವಿಯೆನ್ನಾ ಮೂಲದ ಸಂಸ್ಥೆಯೊಂದು 2008ರಲ್ಲಿ ಹೊರತಂದ ‘ಪ್ರಾಕ್ಸ್‌ಮಾಕ್ಸ್’ ಇವುಗಳಲ್ಲಿ ಪ್ರಮುಖವಾದುದು. ಅದರ ಮೂಲ ಸಂಕೇತ ಮುಕ್ತವಾಗಿದ್ದು, ಹಣ ಕೇಳುವುದು ಬೆಂಬಲ ಸೇವೆಗೆ ಮಾತ್ರ. ನಾಳೆ ಕಂಪನಿಯ ಮನಸ್ಸು ಬದಲಾದರೂ ಈಗಾಗಲೇ ಬಿಡುಗಡೆಯಾದ ಸಂಕೇತವನ್ನು ಇತರರು ಮುಂದುವರಿಸಲು ಅಡ್ಡಿಯಿಲ್ಲ. ಹೀಗಾಗಿ ತಂತ್ರಾಂಶದ ಮಟ್ಟಿಗೆ ಮನೆಯ ಬಳಕೆದಾರ ಮೊದಲಿಗಿಂತ ಸುರಕ್ಷಿತ.

ಬಿಸಿ ಮುಟ್ಟಿಸಿದ ಎಐ

ಪೆಟ್ಟು ಬಿದ್ದಿರುವುದು ಯಂತ್ರಾಂಶದ ಕಡೆಯಿಂದ. ವರ್ಚುವಲ್ ಯಂತ್ರಗಳು ಪ್ರೊಸೆಸರನ್ನು ಸರದಿಯ ಮೇಲೆ ಹಂಚಿಕೊಳ್ಳುತ್ತವೆ. ಮೆಮೊರಿಯನ್ನು ಹಾಗೆ ಹಂಚಿಕೊಳ್ಳುವುದು ಕಷ್ಟ. ವಿಂಡೋಸ್ ಯಂತ್ರಕ್ಕೆ 8 ಜಿಬಿ, ಕಡತ ಸಂಗ್ರಹಕ್ಕೆ 4, ಛಾಯಾಚಿತ್ರ ನಿರ್ವಹಣೆಗೆ 4 ಎಂದು ಕೊಡುತ್ತಾ ಹೋದರೆ 16 ಜಿಬಿ ಅಲ್ಲಿಗೇ ಮುಗಿಯುತ್ತದೆ. ಆತಿಥೇಯ ತಂತ್ರಾಂಶಕ್ಕೆ ಏನೂ ಉಳಿಯುವುದಿಲ್ಲ. ಆದ್ದರಿಂದ 32 ಅಥವಾ 64 ಜಿಬಿಗೆ ಏರಿಸುವುದೇ ಇಂತಹ ಯಂತ್ರದ ಮೊದಲ ದುರಸ್ತಿ.

ಇಲ್ಲಿಯೇ ತೊಡಕು. ಎಐ ದತ್ತಾಂಶ ಕೇಂದ್ರಗಳ ಹಸಿವು ತಣಿಸಲು ತಯಾರಕರು ದುಬಾರಿ ಬೆಲೆಯ ವಿಶೇಷ ಮೆಮೊರಿಯತ್ತ ಹೊರಳಿದ್ದರಿಂದ 2025ರ ಉತ್ತರಾರ್ಧದಲ್ಲಿ ಸಾಮಾನ್ಯ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೇ ಕಂಪನಿಗಳ ಕೈಯಲ್ಲಿ ಮಾರುಕಟ್ಟೆಯ ಬಹುಪಾಲು ಇದೆ. ಗ್ರಾಹಕರಿಗೆ ನೇರವಾಗಿ ಮಾರುತ್ತಿದ್ದ ‘ಕ್ರೂಶಿಯಲ್’ ವ್ಯವಹಾರದಿಂದ ಹಿಂದೆ ಸರಿಯುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಘೋಷಿಸಿದ್ದು ಗಾಳಿ ಬೀಸುತ್ತಿರುವ ದಿಕ್ಕನ್ನು ತೋರಿಸುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಪ್ರತಿಯೊಂದು ಕೆಲಸಕ್ಕೂ ಪೂರ್ಣ ವರ್ಚುವಲ್ ಯಂತ್ರ ಬೇಕಿಲ್ಲ ಎಂಬ ಅರಿವು. ಲಿನಕ್ಸ್ ‘ಕಂಟೇನರ್’ಗಳು ಒಂದೇ ತಿರುಳನ್ನು ಹಂಚಿಕೊಳ್ಳುವುದರಿಂದ ಅಲ್ಪ ಮೆಮೊರಿಯಲ್ಲೇ ಕೆಲಸ ನಡೆಯುತ್ತದೆ. ಎರಡನೆಯದು ಹಳೆಯ ಯಂತ್ರಗಳು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಅನರ್ಹವಾದ ಕಂಪ್ಯೂಟರುಗಳಲ್ಲಿ ಹಲವು ಲಿನಕ್ಸ್ ಆಧಾರಿತ ಸರ್ವರ್ ಆಗಲು ಸಮರ್ಥವಾಗಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಹಳೆಯ ಸಾಮಗ್ರಿಗಳ ಪೇಟೆಯಲ್ಲಿ ಮೆಮೊರಿ ಸಹಿತ ಇಡೀ ಯಂತ್ರದ ಬೆಲೆಯನ್ನೂ ಹೊಸ ಮೆಮೊರಿಯ ಬೆಲೆಯನ್ನೂ ಹೋಲಿಸಿ ನೋಡುವುದು ಜಾಣತನ.

ಮೀಟರ್ ಮರೆಯಬೇಡಿ

ಆದರೆ ಅಗ್ಗದ ಹಳೆಯ ಯಂತ್ರ ವಿದ್ಯುತ್ ಬಿಲ್ಲಿನಲ್ಲಿ ಸೇಡು ತೀರಿಸಿಕೊಳ್ಳಬಹುದು. ಸತತವಾಗಿ 60 ವ್ಯಾಟ್ ಬಳಸುವ ಯಂತ್ರ ತಿಂಗಳಿಗೆ ಸುಮಾರು 43 ಯೂನಿಟ್ ಕಬಳಿಸುತ್ತದೆ. 15 ವ್ಯಾಟ್‌ನ ಪುಟ್ಟ ಕಂಪ್ಯೂಟರಿಗೆ 11 ಯೂನಿಟ್ ಸಾಕು. ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ‘ಗೃಹಜ್ಯೋತಿ’ ಯೋಜನೆಯಡಿ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು ಹೆಚ್ಚುವರಿ ಉಚಿತ. 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಪಾವತಿಸಬೇಕು. 165 ಯೂನಿಟ್ ಬಳಸುವ ಮನೆಯೊಂದು ಹಳೆಯ ಯಂತ್ರ ಸೇರಿಸಿಕೊಂಡರೆ ಬಳಕೆ 208ಕ್ಕೆ ಏರಿ ಸೌಲಭ್ಯವೇ ಕೈತಪ್ಪುತ್ತದೆ. ಪುಟ್ಟ ಯಂತ್ರವಾದರೆ 176ರಲ್ಲಿ ನಿಂತು ಬಿಲ್ ಶೂನ್ಯವಾಗಿಯೇ ಉಳಿಯುತ್ತದೆ.

ಮತ್ತೊಂದು ಎಚ್ಚರಿಕೆ ಅಗತ್ಯ. ನಾಲ್ಕು ಯಂತ್ರಗಳ ಕೆಲಸ ಒಂದರಲ್ಲೇ ಅಡಗಿದಾಗ, ಆ ಒಂದು ಕೆಟ್ಟರೆ ನಾಲ್ಕೂ ನಿಲ್ಲುತ್ತವೆ. ದಿಢೀರ್ ವಿದ್ಯುತ್ ಕಡಿತಕ್ಕೆ ಯುಪಿಎಸ್, ದತ್ತಾಂಶಕ್ಕೆ ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೊಂದು ಮನೆಯಲ್ಲಿ ಮತ್ತೊಂದು ಪ್ರತಿ ಇರಲೇಬೇಕು. ಮೆಮೊರಿಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಈ ಎರಡಕ್ಕೆ ಹಣ ಎತ್ತಿಡುವುದು ಲೇಸು.

ದುಬಾರಿ ತರಬೇತಿಗೆ ಶುಲ್ಕ ತೆರಲಾಗದ ಯುವಕ, ಯುವತಿಯರಿಗೆ ಮನೆಯ ಸರ್ವರ್ ಎಂಬುದು ಹವ್ಯಾಸಕ್ಕಿಂತ ಹೆಚ್ಚಾಗಿ ಪ್ರಯೋಗಶಾಲೆ. ಪರವಾನಗಿಯ ಗೋಡೆಯನ್ನು ಮುಕ್ತ ತಂತ್ರಾಂಶ ಕೆಡವಿದೆ. ಆದರೆ ಮೆಮೊರಿಯ ಬೆಲೆ ಅದೇ ಜಾಗದಲ್ಲಿ ಮತ್ತೊಂದು ಗೋಡೆಯನ್ನು ಎಬ್ಬಿಸುತ್ತಿದೆ. ಎಐ ಭರಾಟೆಯ ಬೆಲೆ ತೆರುತ್ತಿರುವವರಲ್ಲಿ ಅದರೊಂದಿಗೆ ಯಾವ ನಂಟೂ ಇಲ್ಲದ ಈ ಕಲಿಕೆಯ ಕೋಣೆಗಳೂ ಸೇರಿವೆ.