ಮೀನು ಇರುವ ಆಳ, ದಾರ ಮುಳುಗುವ ಆಳ

ನಮ್ಮ ಸುಂಕದಕಟ್ಟೆಯ ಓದುಗರೊಬ್ಬರ ಪ್ರಶ್ನೆ ಇದು. ಅಮೆರಿಕದಲ್ಲಿರುವ ಅವರ ಮಗ ರಜೆಗೆ ಬಂದಾಗ ಫ್ಲೈ ಫಿಶಿಂಗ್ ಕೋಲು, ರೀಲು, ಜೊತೆಗೆ ನೀರಿನಲ್ಲಿ ಮುಳುಗುವ ಮೂರು ಬಗೆಯ ದಾರ ತಂದುಕೊಟ್ಟಿದ್ದಾನೆ. ಡಬ್ಬಿಗಳ ಮೇಲೆ ‘ಇಂಟರ್‌ಮೀಡಿಯೆಟ್’, ‘ಟೈಪ್ 3’, ‘ಟೈಪ್ 6’ ಎಂದಿದೆ. ಆಳದ ಕೆರೆಗೆ ಯಾವುದು? ಬೇಗ ಮುಳುಗುವ ಟೈಪ್ 6 ಎಂದು ಮಗನ ಸಲಹೆ. ತಂದೆಗೆ ಅನುಮಾನ. ಅನುಮಾನ ನ್ಯಾಯವಾದದ್ದೇ.

ಮೊದಲು ದಾರದ ವಿಷಯ. ನಾವು ಬಲ್ಲ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರುತ್ತದೆ, ದಾರ ಹಿಂದೆ ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಕೊಕ್ಕೆಗೆ ಪುಕ್ಕ, ಕೂದಲು ಸುತ್ತಿ ಹುಳುವಿನ ವೇಷ ಹಾಕಿರುತ್ತಾರೆ. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ಬೀಸುವುದು ದಾರವನ್ನೇ. 8ನೇ ನಂಬರಿನ ದಾರದ ಮೊದಲ 30 ಅಡಿ 210 ಗ್ರೇನ್, ಅಂದರೆ ಸುಮಾರು 13.6 ಗ್ರಾಂ ತೂಗಬೇಕೆಂದು ನಿಯಮವಿದೆ. ಒಂದು ತೊಲ ಚಿನ್ನಕ್ಕಿಂತ ತುಸು ಹೆಚ್ಚು. ತಮಾಷೆ ಎಂದರೆ, ತೇಲುವ ದಾರಕ್ಕೂ ಮುಳುಗುವ ದಾರಕ್ಕೂ ಇದೇ ತೂಕ! ತೇಲುವ ದಾರದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಗಾಳಿಯ ಸೂಕ್ಷ್ಮ ಗುಳ್ಳೆಗಳಿರುತ್ತವೆ, ಅದು ದಪ್ಪ. ಮುಳುಗುವುದರಲ್ಲಿ ಟಂಗ್‌ಸ್ಟನ್ ಪುಡಿ ಇರುತ್ತದೆ, ಅದು ತೆಳು. ಮುಳುಗಿಸುವುದು ತೂಕವಲ್ಲ, ಸಾಂದ್ರತೆ. ಒಂಬತ್ತನೇ ತರಗತಿಯ ಆರ್ಕಿಮಿಡೀಸ್ ತತ್ತ್ವ ಇಷ್ಟೇ. ಟಂಗ್‌ಸ್ಟನ್ ನೀರಿಗಿಂತ 19 ಪಟ್ಟು ಸಾಂದ್ರ, ಸೀಸ 11 ಪಟ್ಟು ಮಾತ್ರ.

ಟೈಪ್ 3 ಎಂದರೆ ಸೆಕೆಂಡಿಗೆ ಸುಮಾರು 3 ಅಂಗುಲ ಇಳಿಯುವುದು, ಟೈಪ್ 6 ಸುಮಾರು 6. ಇಂಟರ್‌ಮೀಡಿಯೆಟ್ ಒಂದೂವರೆ ಅಂಗುಲದ ಆಜುಬಾಜು. ಹತ್ತು ಅಡಿ ತಲುಪಲು ಟೈಪ್ 6ಕ್ಕೆ 20 ಸೆಕೆಂಡು, ಟೈಪ್ 3ಕ್ಕೆ 40, ಇಂಟರ್‌ಮೀಡಿಯೆಟ್‌ಗೆ 80. ಎಸೆದ ಮೇಲೆ ಎಣಿಸುತ್ತ ಕಾದರೆ ಮೂರೂ ಅದೇ ಆಳಕ್ಕೆ ಹೋಗುತ್ತವೆ. ಹಾಗಾದರೆ ಆಯ್ಕೆ ಯಾಕೆ? ದಾರವನ್ನು ನಿಧಾನಕ್ಕೆ ಎಳೆದುಕೊಳ್ಳುವಾಗ ಅದು ಅದೇ ಪದರದಲ್ಲಿ ನಿಲ್ಲಬೇಕು, ಅದಕ್ಕೆ. ಟೈಪ್ 6 ನಿಧಾನವಾಗಿ ಎಳೆದಷ್ಟೂ ಕೆಳಗೆ ಜಾರುತ್ತದೆ.

ಮೀನು ಕೆಳಗೇ ಇದ್ದರೆ ಜಾರಲಿ ಬಿಡಿ. ಆದರೆ ಇದೆಯೇ? ಗಾಲಿಬೋರೆ, ಭೀಮೇಶ್ವರಿಯ ಕಡೆ ಕಾವೇರಿಯಲ್ಲಿ ಹಿಂದೆ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ರಾಗಿ ಹಿಟ್ಟಿನ ಉಂಡೆ ಕಟ್ಟಿ, ಸೀಸದ ಭಾರ ಹಾಕಿ ತಳಕ್ಕೇ ಬಿಡುತ್ತಿದ್ದರು. ಬಂಡೆಗೆ ಬಡಿದು ಹರಿಯುವ ನೀರಿಗೆ ತಳದವರೆಗೂ ಗಾಳಿ ಬೆರೆತಿರುತ್ತದೆ. ನಿಂತ ನೀರಿನ ಕಥೆ ಬೇರೆ. ಬೇಸಿಗೆಯಲ್ಲಿ ಮೇಲಿನ ನೀರು ಕಾದು ಹಗುರಾಗಿ ಮೇಲೆಯೇ ಉಳಿಯುತ್ತದೆ, ತಣ್ಣನೆಯದು ಕೆಳಗೆ. 4 ಡಿಗ್ರಿಯ ನೀರು 9 ಡಿಗ್ರಿಗೆ ಏರಿದರೆ ಲೀಟರಿಗೆ ಕಡಿಮೆಯಾಗುವ ತೂಕ 0.2 ಗ್ರಾಂ. ಅದೇ 25ರಿಂದ 30ಕ್ಕೆ ಏರಿದರೆ 1.4 ಗ್ರಾಂ, ಏಳು ಪಟ್ಟು! ಹಾಗಾಗಿ ಶೀತದೇಶದ ಸರೋವರಕ್ಕೆ ಹೋಲಿಸಿದರೆ ನಮ್ಮ ಕೆರೆಗಳಲ್ಲಿ ಅಲ್ಪ ಬಿಸಿಯ ವ್ಯತ್ಯಾಸಕ್ಕೇ ಪದರಗಳು ಗಟ್ಟಿಯಾಗಿ ಬೇರ್ಪಡುತ್ತವೆ. ಕೆಳಗಿನ ಪದರಕ್ಕೆ ಗಾಳಿ ಇಳಿಯದು. ಹೂಳಿನಲ್ಲಿ ಕೊಳೆಯುವ ಕಸ ಇದ್ದ ಆಮ್ಲಜನಕವನ್ನೂ ಮುಗಿಸುತ್ತದೆ. ಅದರ ಮೇಲೆ ಚರಂಡಿ ನೀರೂ ಸೇರಿದರೆ ಮೇಲಿನ ಪದರದಲ್ಲೂ ಉಸಿರು ಸಿಗದು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಓದುಗರು ಮರೆತಿರಲಾರರು.

ಮಾಗಡಿ ರಸ್ತೆಯಲ್ಲಿ ಮುಂದೆ ಸಿಗುವ ತಿಪ್ಪಗೊಂಡನಹಳ್ಳಿ ಜಲಾಶಯದ ಪೂರ್ಣಮಟ್ಟ 74 ಅಡಿ. ಆದರೆ 74 ಅಡಿ ನೀರಿದ್ದ ಮಾತ್ರಕ್ಕೆ 74 ಅಡಿಯಲ್ಲೂ ಮೀನಿರುತ್ತದೆ ಎನ್ನುವಂತಿಲ್ಲ. ಆದ್ದರಿಂದ ದಾರ ಆರಿಸುವ ಮೊದಲು ಕೆರೆಯನ್ನು ಅಳೆಯಿರಿ. ಖರ್ಚಿಲ್ಲದ ಉಪಾಯವಿದೆ. ಕಾಲು ಲೀಟರಿನ ಗಾಜಿನ ಬಾಟಲಿಗೆ ಒಂದು ಕಿಲೋ ಕಲ್ಲು ಬಿಗಿಯಿರಿ. ಬಿರಡೆಯನ್ನು ಹಗುರವಾಗಿ ಹಾಕಿ, ಅದಕ್ಕೆ ಬೇರೆ ದಾರ ಕಟ್ಟಿ. ಅಡಿಅಡಿಗೆ ಗಂಟು ಹಾಕಿದ ಹಗ್ಗದಲ್ಲಿ ಬಾಟಲಿ ಇಳಿಸಿ, ಬೇಕಾದ ಆಳದಲ್ಲಿ ಬಿರಡೆ ಜಗ್ಗಿ, ನೀರು ತುಂಬಿದ ಮೇಲೆ ಎತ್ತಿ ಥರ್ಮಾಮೀಟರ್ ಅದ್ದಿ. (ತೆಪ್ಪದಲ್ಲಿ ಹೋಗುವುದಾದರೆ ಈಜು ಬಲ್ಲವರು ಜೊತೆಗಿರಲಿ.) ಎಲ್ಲಿ ಉಷ್ಣತೆ ಥಟ್ಟನೆ ಇಳಿಯುತ್ತದೋ ಅದು ಪದರದ ಗಡಿ. ಮೂಗನ್ನೂ ಬಳಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಆಳದಲ್ಲಿ ಆಮ್ಲಜನಕವಿಲ್ಲ, ಮೀನೂ ಇಲ್ಲ.

ಗಡಿ 12 ಅಡಿಯಲ್ಲಿದೆ ಎನ್ನಿ. ಮೀನು ಅದರ ತುಸು ಮೇಲೆ, ತಂಪೂ ಉಸಿರೂ ಎರಡೂ ಸಿಗುವಲ್ಲಿ ನಿಂತಿರುತ್ತದೆ. ಅಲ್ಲಿಗೆ ಟೈಪ್ 3 ಸಾಕು. ಮುಂಜಾನೆ ಮೀನು ದಡದ ಕಡೆ ಮೇಲೆ ಬಂದಾಗ ಇಂಟರ್‌ಮೀಡಿಯೆಟ್. ಟೈಪ್ 6 ಡಿಸೆಂಬರ್-ಜನವರಿಗೆ ಇರಲಿ. ಆಗ ರಾತ್ರಿಯ ಚಳಿಗೆ ಮೇಲಿನ ನೀರೂ ತಣ್ಣಗಾಗಿ ಪದರಗಳು ಕಲೆತು, ತಳಕ್ಕೂ ಗಾಳಿ ಮುಟ್ಟುತ್ತದೆ. ಬೇಸಿಗೆಯಲ್ಲಿ ನಗರದ ಕೆರೆಗೆ ಟೈಪ್ 6 ಬಿಟ್ಟರೆ ಸಿಗುವುದು ಹಳೆಯ ಸೀರೆ, ಗಣೇಶನ ಮೂರ್ತಿಯ ತಂತಿ!

ಬೇಗ ಮುಳುಗಲೆಂದು ದಾರಕ್ಕೆ ಸೀಸ ಕಟ್ಟುವುದು ಬೇಡ. ತುಂಡಾಗಿ ಬಿದ್ದ ಸೀಸದ ಚೂರನ್ನು ನೀರುಹಕ್ಕಿಗಳು ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಹಂಸಗಳು ಹೀಗೆ ಸತ್ತದ್ದರಿಂದಲೇ ಬ್ರಿಟನ್ 1987ರಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳನ್ನು ನಿಷೇಧಿಸಿತು. ಇನ್ನು, ನಮ್ಮಲ್ಲಿ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುತ್ತದೆ. ಹೋಗುವ ಮುನ್ನ ವಿಚಾರಿಸಿ, ಒಪ್ಪಿಗೆ ಪಡೆಯಿರಿ.

ಕೊನೆಗೆ ಎರಡು ಕೈಕೆಲಸದ ಮಾತು. ದಾರದ ತುದಿಗೆ ಕಟ್ಟುವ ನೈಲಾನ್ ಎಳೆ ಮೂರು-ನಾಲ್ಕು ಅಡಿ ಮೀರದಿರಲಿ. ನೈಲಾನ್ ನೀರಿಗಿಂತ ತುಸುವೇ ಸಾಂದ್ರ, ಉದ್ದವಾದರೆ ದಾರ ಕೆಳಗೆ, ಕೊಕ್ಕೆ ಮೇಲೆ ಉಳಿಯುತ್ತದೆ. ಮುಳುಗಿದ ದಾರವನ್ನು ಆಳದಿಂದ ಒಮ್ಮೆಲೇ ಬೀಸಿ ಎತ್ತಬೇಡಿ. ಬಹುಪಾಲು ಎಳೆದುಕೊಂಡು, ಉಳಿದದ್ದನ್ನು ನೀರಿನ ಮೇಲಕ್ಕೆ ಉರುಳಿಸಿ ತಂದು ಆಮೇಲೆ ಬೀಸಿ. ಇಲ್ಲದಿದ್ದರೆ ಮಗ ತಂದ ಕೋಲು ಮೊದಲ ದಿನವೇ ಎರಡು ತುಂಡಾದೀತು.