ಸಂಪರ್ಕ ಸಿಗದಿದ್ದರೆ ಮೊದಲು ಆ ಸಾಲನ್ನು ಓದಿ



ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತು ಈಗ ಕಂಪ್ಯೂಟರ್ ಕೋರ್ಸ್ ಮಾಡುತ್ತಿರುವ ನಮ್ಮ ಮಕ್ಕಳಲ್ಲಿ ಒಂದು ಅಭ್ಯಾಸ ಕಾಣುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಸ್ಕ್ರಿಪ್ಟ್ ಓಡಿಸಿದಾಗ ಡೇಟಾಬೇಸ್ ಸಂಪರ್ಕ ಸಿಗದಿದ್ದರೆ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಅದನ್ನು ಓದುವುದೇ ಇಲ್ಲ. ನೇರವಾಗಿ ಪಾಸ್‌ವರ್ಡ್ ಬದಲಿಸುತ್ತಾರೆ. ಆಗಲೂ ಆಗದಿದ್ದರೆ ರೂಟ್ ಖಾತೆಯನ್ನೇ ಸ್ಕ್ರಿಪ್ಟಿಗೆ ಕೊಟ್ಟು "ಈಗ ಸರಿಯಾಯ್ತು ಅಣ್ಣ" ಎನ್ನುತ್ತಾರೆ. ಇದು ಸರಿಯಾದದ್ದಲ್ಲ, ತೊಂದರೆಯನ್ನು ಮುಚ್ಚಿಟ್ಟದ್ದು ಎಂಬುದು ನನ್ನ ಅಭಿಪ್ರಾಯ.

ಆ ಸಾಲಿಗೆ ಹೆದರುವಂಥದ್ದೇನೂ ಇಲ್ಲ. ಅದರಲ್ಲಿರುವ ಸಂಖ್ಯೆಯೇ ಅರ್ಧ ಉತ್ತರ. ಮೈಎಸ್‌ಕ್ಯೂಎಲ್‌ನಲ್ಲಿ 1045 ಬಂದರೆ ಸರ್ವರ್ ಸಿಕ್ಕಿದೆ, ನಿಮ್ಮ ಹೆಸರನ್ನೋ ಪಾಸ್‌ವರ್ಡನ್ನೋ ಅದು ಒಪ್ಪಲಿಲ್ಲ. 2002 ಅಥವಾ 2003 ಬಂದರೆ ನೀವು ಸರ್ವರಿನ ಬಾಗಿಲಿಗೇ ತಲುಪಿಲ್ಲ, ನಿಮ್ಮ ಪಾಸ್‌ವರ್ಡನ್ನು ಅಲ್ಲಿ ಯಾರೂ ಕೇಳಿಯೇ ಇಲ್ಲ. ಲಿನಕ್ಸ್‌ನಲ್ಲಿ ಅದರ ಪಕ್ಕದಲ್ಲಿ 111 ಎಂದಿದ್ದರೆ ಬಾಗಿಲು ಮುಚ್ಚಿದೆ, ಅಂದರೆ ಸರ್ವರ್ ನಡೆಯುತ್ತಿಲ್ಲ ಅಥವಾ ಬೇರೆ ಪೋರ್ಟಿನಲ್ಲಿದೆ. 110 ಆದರೆ ಕರೆದರೂ ಉತ್ತರ ಬರಲಿಲ್ಲ, ಹೆಚ್ಚಾಗಿ ಫೈರ್‌ವಾಲ್.

ಹೆಚ್ಚಿನವರು ಸೋಲುವುದು ಇನ್ನೊಂದು ಕಡೆ. "ಬ್ರೌಸರಿನಲ್ಲಿ ಸರಿ ಉಂಟು, ಟರ್ಮಿನಲ್‌ನಲ್ಲಿ ಮಾತ್ರ ಆಗುವುದಿಲ್ಲ." ಕೋಡ್ ಒಂದೇ ಆದರೂ ಅದನ್ನು ಓಡಿಸುವವರು ಇಬ್ಬರು. ಉಬುಂಟುವಿನಲ್ಲಿ ಅಪಾಚೆಯ ಪಿಎಚ್‌ಪಿಗೂ ಕಮಾಂಡ್ ಲೈನಿನ ಪಿಎಚ್‌ಪಿಗೂ ಬೇರೆ ಬೇರೆ ಐಎನ್‌ಐ ಕಡತಗಳಿವೆ. ಒಂದರಲ್ಲಿ ಮಾಡಿದ ಬದಲಾವಣೆ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಲೋಕಲ್‌ಹೋಸ್ಟ್ ಎಂಬ ಹೆಸರೂ ಹಾಗೆಯೇ ಮೋಸ ಮಾಡುತ್ತದೆ. ಲಿನಕ್ಸ್‌ನಲ್ಲಿ ಆ ಹೆಸರು ಬರೆದರೆ ಮೈಎಸ್‌ಕ್ಯೂಎಲ್ ನೆಟ್‌ವರ್ಕಿಗೆ ಹೋಗದೆ ಸಾಕೆಟ್ ಎಂಬ ಕಡತವನ್ನು ಹುಡುಕುತ್ತದೆ. 127.0.0.1 ಎಂದು ಬರೆದರೆ ಪೋರ್ಟಿಗೆ, ಸಾಮಾನ್ಯವಾಗಿ 3306ಕ್ಕೆ, ಹೋಗುತ್ತದೆ. ಒಂದು ಸಲ ಹಾಗೆ ಬರೆದು ನೋಡಿ. ಸಂಪರ್ಕ ಸಿಕ್ಕಿದರೆ ತೊಂದರೆ ಸಾಕೆಟ್ ಕಡತದ ವಿಳಾಸದಲ್ಲಿದೆ ಎಂದು ತಿಳಿಯಿತು.

ಇನ್ನು ರಾತ್ರಿ ತಾನಾಗಿ ಓಡುವ ಕ್ರಾನ್. ಪಾಸ್‌ವರ್ಡನ್ನು ನೀವು ಲಾಗಿನ್ ಆದಾಗ ಸಿಗುವ ವೇರಿಯೇಬಲ್‌ನಲ್ಲಿ ಇಟ್ಟಿದ್ದರೆ ಕ್ರಾನ್‌ಗೆ ಅದು ಕಾಣುವುದಿಲ್ಲ. ಆಗ 1045ರ ಸಾಲಿನ ಕೊನೆಯಲ್ಲಿ ಪಾಸ್‌ವರ್ಡನ್ನೇ ಕಳಿಸಿಲ್ಲ ಎಂಬ ಮಾತು ಇರುತ್ತದೆ. ಇಷ್ಟು ಸ್ಪಷ್ಟವಾಗಿ ಹೇಳಿದರೂ ಪಾಸ್‌ವರ್ಡ್ ತಪ್ಪು ಎಂದುಕೊಂಡು ಹೊಸದು ಇಡುವವರಿದ್ದಾರೆ!

ಇದರಲ್ಲಿ ನಮ್ಮ ಹೆತ್ತವರಿಗೆ ಏನು ಸಂಬಂಧ ಎಂದು ಕೇಳಬಹುದು. ಆ ಡೇಟಾಬೇಸಿನಲ್ಲಿ ಇರುವುದು ನಮ್ಮಂಥವರ ಹೆಸರು, ಫೋನ್ ನಂಬರ್, ಮಕ್ಕಳ ಹುಟ್ಟಿದ ದಿನಾಂಕ. ರೂಟ್ ಪಾಸ್‌ವರ್ಡ್ ಬರೆದಿಟ್ಟ ಸ್ಕ್ರಿಪ್ಟ್ ಒಬ್ಬನ ಕೈಗೆ ಸಿಕ್ಕಿದರೆ ಸರ್ವರಿನಲ್ಲಿರುವ ಎಲ್ಲ ಡೇಟಾಬೇಸ್ ಸಿಕ್ಕಿದ ಹಾಗೆ. ಓದುವ ಕೆಲಸದ ಸ್ಕ್ರಿಪ್ಟಿಗೆ ಓದುವ ಹಕ್ಕು ಮಾತ್ರ ಇರುವ ಬೇರೆ ಖಾತೆ ಸಾಕು. ಪಾಸ್‌ವರ್ಡನ್ನು ಕಮಾಂಡಿನೊಳಗೆ ಬರೆಯಬೇಡಿ, ಅದು ಹಿಸ್ಟರಿಯಲ್ಲಿ ಉಳಿಯುತ್ತದೆ. 600 ಅನುಮತಿಯ ಒಂದು ಕಡತದಲ್ಲಿ ಇಡಿ.

ನನಗೆ ಹೆಚ್ಚು ಚಿಂತೆ ಬ್ಯಾಕಪ್‌ನದ್ದು. ಮೈಎಸ್‌ಕ್ಯೂಎಲ್‌ಡಂಪ್‌ನಿಂದ ಬಂದದ್ದನ್ನು ಜಿಜಿಪ್‌ಗೆ ಕೊಟ್ಟು ಕಡತ ಮಾಡುವುದು ಎಲ್ಲರ ರೂಢಿ. ಸಂಪರ್ಕ ಸಿಗದ ರಾತ್ರಿಯೂ ಆ ದಿನದ ತಾರೀಕಿನ ಕಡತ ಹುಟ್ಟುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ಜಿಜಿಪ್ ತನ್ನ ಕೆಲಸ ಮುಗಿಸಿದ್ದರಿಂದ ಶೆಲ್ ಅದನ್ನು ಯಶಸ್ಸೆಂದೇ ಲೆಕ್ಕ ಹಾಕುತ್ತದೆ. ಬ್ಯಾಶ್ ಸ್ಕ್ರಿಪ್ಟಿನಲ್ಲಿ ಪೈಪ್‌ಫೇಲ್ ಎಂಬ ಆಯ್ಕೆ ಹಾಕಿದರೆ ಮಾತ್ರ ಸೋಲು ಸೋಲಾಗಿಯೇ ಗೊತ್ತಾಗುತ್ತದೆ.

ನಿಮ್ಮಲ್ಲಿ ಯಾರಾದರೂ ಇಂಥ ಸರ್ವರ್ ನೋಡಿಕೊಳ್ಳುತ್ತಿದ್ದರೆ ಇವತ್ತೇ ಬ್ಯಾಕಪ್ ಫೋಲ್ಡರ್ ತೆರೆದು ಕಡತಗಳ ಗಾತ್ರ ನೋಡಿ. ಒಂದರ ಕೆಳಗೊಂದು 20 ಬೈಟ್ ಎಂದು ಕಂಡರೆ, ಅದು ಯಾವ ತಾರೀಕಿನಿಂದ ಶುರುವಾಗಿದೆ ಎಂದು ಬರೆದುಕೊಳ್ಳಿ.